ಕಾಗದದ ಕೊಕ್ಕರೆಗೂ ಒಂದು ಮಣೆ ಬೇಕು

ಮಾನ್ಯ ಸಂಪಾದಕರೇ,

ನಾನು ಸಾಗರದ ಬಡಗಿ. 38 ವರ್ಷ ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಮಾಡಿದ್ದೇನೆ. ಈಗ ದೊಡ್ಡ ಕೆಲಸವನ್ನೆಲ್ಲ ಮಗ ನೋಡಿಕೊಳ್ಳುತ್ತಾನೆ. ನಾನು ಮನೆ ಹಿಂದಿನ ಮಾಡಿನಲ್ಲಿ ಕೂತು ಸಣ್ಣಪುಟ್ಟದ್ದು ಮಾಡಿಕೊಂಡಿರುತ್ತೇನೆ. ನಿಮ್ಮ ಪತ್ರಿಕೆಯ ಮಕ್ಕಳ ಪುಟವನ್ನು ಮೊಮ್ಮಗಳ ಜೊತೆ ಓದುವುದು ನನಗೆ ಅಭ್ಯಾಸ. ಅವಳಿಗೆ ಹನ್ನೊಂದು ವರ್ಷ. ಕಾಗದ ಕೈಗೆ ಸಿಕ್ಕರೆ ಮಡಚದೆ ಬಿಡುವುದಿಲ್ಲ.

ಆ ಪುಟದಲ್ಲಿ ಆಗಾಗ ಒರಿಗಾಮಿ ಬರುತ್ತದೆ. ಕಪ್ಪೆ, ಮೀನು, ಚಿಟ್ಟೆ, ಕೊಕ್ಕರೆ. ಎಲ್ಲಿ ಮಡಚಬೇಕು, ಎಲ್ಲಿ ತಿರುಗಿಸಬೇಕು ಎಂದು ಚಿತ್ರ ಸಮೇತ ಹಾಕುತ್ತೀರಿ. ಚೆನ್ನಾಗಿರುತ್ತದೆ. ಆದರೆ ಕೊನೇ ಚಿತ್ರದಲ್ಲಿ ಕೊಕ್ಕರೆ ಸಿದ್ಧವಾಯಿತು ಅಂದರೆ ಪಾಠವೂ ಮುಗಿಯಿತು. ಅದನ್ನು ಎಲ್ಲಿ ಇಡುವುದು, ಹೇಗೆ ನಿಲ್ಲಿಸುವುದು ಎಂದು ಇರುವುದಿಲ್ಲ. ಆ ಒಂದು ಚಿತ್ರವನ್ನೂ ಸೇರಿಸಿ ಎಂದು ಕೇಳಲು ಈ ಪತ್ರ. ಯಾಕೆ ಕೇಳುತ್ತಿದ್ದೇನೆ ಎಂದು ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ.

ಕಳೆದ ಆಗಸ್ಟ್ 6ರಂದು ಮೊಮ್ಮಗಳ ಶಾಲೆಯಲ್ಲಿ ಹಿರೋಶಿಮಾ ದಿನ ಇತ್ತು. ಸಡಾಕೊ ಸಸಾಕಿ ಎಂಬ ಹುಡುಗಿಯ ಕಥೆಯನ್ನು ಮಕ್ಕಳಿಗೆ ಹೇಳಿದ್ದರು. 1945ರಲ್ಲಿ ಜಪಾನಿನ ಹಿರೋಶಿಮಾ ಊರಿನ ಮೇಲೆ ಅಣುಬಾಂಬು ಬಿದ್ದಾಗ ಅವಳು ಎರಡು ವರ್ಷದ ಕೂಸು. ಸುಮಾರು ಹತ್ತು ವರ್ಷ ಕಳೆದ ಮೇಲೆ ರಕ್ತದ ಕ್ಯಾನ್ಸರ್ ಬಂತು. ಸಾವಿರ ಕೊಕ್ಕರೆ ಮಡಚಿದರೆ ಬೇಡಿದ್ದು ಆಗುತ್ತದೆ ಎಂಬ ನಂಬಿಕೆ ಜಪಾನಿನಲ್ಲಿದೆ. ಆಸ್ಪತ್ರೆಯ ಹಾಸಿಗೆ ಮೇಲೆ ಕೂತು, ಔಷಧ ಸುತ್ತಿ ಬಂದ ಕಾಗದವನ್ನೂ ಬಿಡದೆ ಅವಳು ಕೊಕ್ಕರೆ ಮಡಚಿದಳು. 1955ರ ಅಕ್ಟೋಬರಿನಲ್ಲಿ ತೀರಿಹೋದಳು. ಈ ಕಥೆ ಕೇಳಿ ಬಂದ ದಿನ ನಮ್ಮ ಹುಡುಗಿ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಮರುದಿನದಿಂದ ಮಡಚಲು ಶುರು ಮಾಡಿದಳು. ಒಂದು ವಾರದಲ್ಲಿ 23 ಕೊಕ್ಕರೆ.

ಆಮೇಲೆ ಮಕ್ಕಳು ಮಡಚಿದ ಕೊಕ್ಕರೆಗಳನ್ನು ಶಾಲೆಯಲ್ಲಿ ನೋಡಲು ಇಟ್ಟರು. ನಾನೂ ಹೋಗಿದ್ದೆ. ಆಗಸ್ಟ್ ಅಂದರೆ ನಮ್ಮಲ್ಲಿ ಮಳೆ ಬಿಡದ ಕಾಲ. ಗೋಡೆಯೂ ಬೆವರುತ್ತದೆ. ನಾಲ್ಕು ಡೆಸ್ಕ್ ಜೋಡಿಸಿ ಪ್ಲಾಸ್ಟಿಕ್ ಹಾಳೆ ಹಾಸಿ, ಎಲ್ಲ ಮಕ್ಕಳ ಕೊಕ್ಕರೆಗಳನ್ನು ಅದರ ಮೇಲೆ ಸುರಿದಿದ್ದರು. ಇನ್ನೂರು, ಇನ್ನೂರೈವತ್ತು ಇದ್ದಿರಬೇಕು. ಫ್ಯಾನ್ ಹಾಕಿದರೆ ಹಾರಿಹೋಗುತ್ತವೆ ಅಂತ ಫ್ಯಾನ್ ಆರಿಸಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾಗದ ಥಂಡಿ ಹಿಡಿದು ರೆಕ್ಕೆಗಳು ಜೋತುಬಿದ್ದವು. ಮೇಲಿನವು ಕೆಳಗಿನವನ್ನು ಒತ್ತಿ, ಕತ್ತು ಮುರಿದವು. ನೋಡಲು ಬಂದವರು ಒಂದು ನಿಮಿಷ ನಿಂತು, "ಓ, ಕೊಕ್ಕರೆ" ಅಂದು ಮುಂದೆ ಹೋದರು. ಸಂಜೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿದರು. ಮೊಮ್ಮಗಳು ಚೀಲದ ಬಾಯಿ ಹಿಡಿದು, "ಅಜ್ಜ, ಇದರಲ್ಲಿ ನನ್ನದು ಯಾವುದು?" ಎಂದು ಕೇಳಿದಳು. ಅವಳಿಗೇ ಗೊತ್ತಾಗಲಿಲ್ಲ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಶಾಲೆಯವರನ್ನು ದೂರಲು ಇದನ್ನು ಬರೆಯುತ್ತಿಲ್ಲ. ಮಕ್ಕಳಿಗೆ ಆ ಕಥೆ ಹೇಳಿದ್ದೇ ದೊಡ್ಡದು. ಹೇಗೆ ಇಡಬೇಕು ಎಂದು ಅವರಿಗೆ ಯಾರೂ ತೋರಿಸಿಕೊಟ್ಟಿರಲಿಲ್ಲ, ಅಷ್ಟೆ. ನಾನು ಬಡಗಿ, ನನಗೂ ಅಲ್ಲಿಯ ತನಕ ಹೊಳೆದಿರಲಿಲ್ಲ ಅಲ್ವಾ.

ನಮ್ಮಲ್ಲಿ ಬೇಕಾದದ್ದನ್ನು, ಗೌರವ ಕೊಡಬೇಕಾದದ್ದನ್ನು ಬರಿ ನೆಲದ ಮೇಲೆ ಇಡುವುದಿಲ್ಲ. ಚೌತಿಯ ಗಣಪತಿಗೆ ಮಣೆ. ಮದುಮಕ್ಕಳಿಗೆ ಹಸೆಮಣೆ. ಮನೆಗೆ ಬಂದವರಿಗೆ ಊಟಕ್ಕೆ ಕೂರಲು ಮಣೆ. ಒಬ್ಬರಿಗೆ ಮರ್ಯಾದೆ ಕೊಟ್ಟರು ಅನ್ನುವುದಕ್ಕೆ 'ಮಣೆ ಹಾಕಿದರು' ಅಂತಲೇ ಹೇಳುತ್ತೇವೆ. ನಮ್ಮೂರಿನ ಗುಡಿಗಾರರು ಗಂಧದಲ್ಲಿ ವಿಗ್ರಹ ಕೆತ್ತುವಾಗ ಪೀಠ ಸೇರಿಸಿಯೇ ಕೆತ್ತುತ್ತಾರೆ. ಮೈಸೂರಿನ ಕಡೆ ದಸರಾ ಬೊಂಬೆ ಕೂರಿಸುವವರು ಮೊದಲು ಮೆಟ್ಟಿಲು ಕಟ್ಟಿ, ಬಿಳಿ ಬಟ್ಟೆ ಹಾಸಿ, ಆಮೇಲೆ ಬೊಂಬೆಗೆ ಕೈ ಹಾಕುತ್ತಾರೆ. ಮಗು ಮಾಡಿದ ಕೊಕ್ಕರೆಗೆ ಮಾತ್ರ ಮಣೆ ಇಲ್ಲ.

ಆ ರಾತ್ರಿಯೇ ಮಾಡಿಗೆ ಹೋಗಿ ಹಲಸಿನ ಹಲಗೆಯ ಒಂದು ತುಂಡು ಹುಡುಕಿದೆ. ಯಾರದೋ ಬಾಗಿಲಿನ ದಾರಂದ ಮಾಡಿ ಉಳಿದದ್ದು. ಏಳು ಸೆಂಟಿಮೀಟರ್ ಚೌಕ, ಎರಡು ಸೆಂಟಿಮೀಟರ್ ದಪ್ಪ. ಮೊದಲನೇ ಸಲ ತಪ್ಪು ಮಾಡಿದೆ. ಮೊಳೆ ಹೊಡೆದು, ಅದರ ತುದಿಗೆ ಕೊಕ್ಕರೆಯನ್ನು ಸಿಕ್ಕಿಸಿದೆ. ಮೊಳೆ ಬೆನ್ನು ತೂರಿ ಮೇಲೆ ಬಂತು. ಮೊಮ್ಮಗಳು ಏನೂ ಹೇಳಲಿಲ್ಲ. ಅವಳ ಮುಖ ನೋಡಿಯೇ ಗೊತ್ತಾಯಿತು.

ಎರಡನೇ ದಿನ ಕೊಕ್ಕರೆಯನ್ನು ಬಿಚ್ಚಿ ನೋಡಿದೆ. ಅವಳೇ ಬಿಚ್ಚಿ ತೋರಿಸಿದಳು. ಬಿಚ್ಚಿದ ಕಾಗದದಲ್ಲಿ ಗೆರೆಗಳನ್ನು ನೋಡಿದರೆ, ಕೊಕ್ಕರೆಯ ಬೆನ್ನ ಮೇಲಿನ ಉಬ್ಬು ಇದೆಯಲ್ಲ, ಎರಡು ರೆಕ್ಕೆಯ ನಡುವೆ ಚೂಪಾಗಿ ಏಳುವುದು, ಅದು ಚೌಕದ ನಡುಮಧ್ಯ. ಮೂಲೆಯಿಂದ ಮೂಲೆಗೆ ಎಳೆದ ಎರಡು ಗೆರೆ ಸೇರುವ ಜಾಗ. ನಾಲ್ಕು ಮೂಲೆಗಳಲ್ಲಿ ಎರಡು ರೆಕ್ಕೆಯಾಗುತ್ತವೆ, ಒಂದು ಕತ್ತು, ಒಂದು ಬಾಲ. ಬಡಗಿಗೆ ಇದಕ್ಕಿಂತ ಜಾಸ್ತಿ ಏನು ಬೇಕು? ನಡುವಿಗೆ ಆಸರೆ ಕೊಟ್ಟರೆ ನಾಲ್ಕೂ ಕಡೆ ತೂಕ ಸಮ. ಹೊಟ್ಟೆಯ ಕೆಳಗೆ, ಊದಿ ಉಬ್ಬಿಸಲು ಒಂದು ಸಣ್ಣ ಬಾಯಿ ಇದ್ದೇ ಇದೆ. ತಂತಿಯನ್ನು ಅಲ್ಲಿಂದ ಒಳಗೆ ಬಿಟ್ಟು ಬೆನ್ನಿನ ಒಳಗಡೆಗೆ ತಾಗಿಸಿದರೆ ಸಾಕು. ಕಾಗದಕ್ಕೆ ಎಲ್ಲೂ ತೂತು ಬೇಡ. ಅಂಟೂ ಬೇಡ. ಒಂದೇ ಹಾಳೆ, ಕತ್ತರಿ ಇಲ್ಲ, ಅಂಟು ಇಲ್ಲ ಎನ್ನುವುದು ಕೊಕ್ಕರೆ ಮಡಚುವವರ ನೇಮ. ನಿಲ್ಲಿಸುವವರೂ ಆ ನೇಮವನ್ನು ಉಳಿಸಬೇಕು.

ಆದರೆ ಆ ನಡುಮಧ್ಯವೇ ಕಾಗದದಲ್ಲಿ ತುಂಬ ಸೋತ ಜಾಗ. ಅಷ್ಟೂ ಮಡಿಕೆಗಳು ಅಲ್ಲೇ ಸೇರುತ್ತವೆ. ಚೂಪು ತಂತಿ ತಾಗಿದರೆ ಎರಡು ದಿನದಲ್ಲಿ ತೂತು. ಅದಕ್ಕೇ ತಂತಿಯ ತುದಿಯನ್ನು ಇಕ್ಕಳದಿಂದ ಹಿಂದಕ್ಕೆ ಮಡಚಿ ಒತ್ತಬೇಕು, ಹೊಲಿಗೆ ಸೂಜಿಯ ಹಿಂಬದಿಯ ಹಾಗೆ ನುಣ್ಣಗಾಗುವಂತೆ. ಇನ್ನೂ ಒಳ್ಳೆಯದೆಂದರೆ, ಹರಿದ ಸರದ ಒಂದು ಸಣ್ಣ ಮಣಿಯನ್ನು ತುದಿಗೆ ಕೂರಿಸುವುದು. ಹೀಗೆ ನಿಲ್ಲಿಸಿದ ಕೊಕ್ಕರೆ ತಕ್ಕಡಿಯ ಹಾಗೆ ತೂಗಿ ನಿಲ್ಲುತ್ತದೆ. ಕಿಟಕಿಯಿಂದ ಗಾಳಿ ಬಂದರೆ ಮೆಲ್ಲಗೆ ತಿರುಗುತ್ತದೆ, ಬೀಳುವುದಿಲ್ಲ. ಅದು ಮೊದಲ ಸಲ ತಿರುಗಿದಾಗ ಮೊಮ್ಮಗಳು ಅಡುಗೆಮನೆಗೆ ಓಡಿ ಅಮ್ಮನನ್ನು ಕೈ ಹಿಡಿದು ಎಳೆದುಕೊಂಡು ಬಂದಳು.

ತಂತಿಯ ವಿಷಯ ಹೇಳಲೇಬೇಕು. ಮನೆ ಕಟ್ಟುವಾಗ ಕಬ್ಬಿಣ ಕಟ್ಟುತ್ತಾರಲ್ಲ, ಆ ಬೈಂಡಿಂಗ್ ವೈರ್ ಎಲ್ಲರ ಮನೆಯಲ್ಲೂ ಬಿದ್ದಿರುತ್ತದೆ. ಅದು ಬೇಡ. ನಮ್ಮ ಮಳೆಗೆ ಹದಿನೈದು ದಿನದಲ್ಲಿ ತುಕ್ಕು ಹಿಡಿದು, ಕಾಗದಕ್ಕೆ ಕೆಂಪು ಕಲೆ ಹತ್ತುತ್ತದೆ. ಆ ಕಲೆ ಹೋಗುವುದಿಲ್ಲ. ಒಂದು ಮಿಲಿಮೀಟರ್ ದಪ್ಪದ ಹಿತ್ತಾಳೆ ತಂತಿ ಎಲ್ಲಕ್ಕಿಂತ ಚೆನ್ನ. ಸಿಗದಿದ್ದರೆ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ತಾಮ್ರದ ತುಂಡು ತಂತಿ ಕೇಳಿ. ಮಕ್ಕಳಿಗೆ ಅಂದರೆ ಕೊಡುತ್ತಾರೆ. ಮಲೆನಾಡಿನವರಿಗೆ ಇನ್ನೊಂದು ದಾರಿ ಇದೆ, ಮುರಿದ ಕೊಡೆ. ಅದರ ಕಡ್ಡಿ ಗಟ್ಟಿ, ನೆಟ್ಟಗೆ ಇರುತ್ತದೆ. ತುಕ್ಕು ಇದ್ದರೆ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಬಣ್ಣ ಇಲ್ಲದ ಉಗುರು ಬಣ್ಣ ಎರಡು ಸಲ ಬಳಿಯಿರಿ. ದೊಡ್ಡ ಮಾದರಿಗೆ ಸೈಕಲ್ ಸ್ಪೋಕ್. ಅದು ಎರಡು ಮಿಲಿಮೀಟರ್ ದಪ್ಪ, ಕೈಯಲ್ಲಿ ಬಗ್ಗಿಸುವುದು ಕಷ್ಟ, ಆದರೆ ಬಗ್ಗಿಸಿದ ಮೇಲೆ ಅಲ್ಲಾಡುವುದಿಲ್ಲ.

ಮಣೆಯ ತೂತು ತಂತಿಗಿಂತ ಒಂದು ಕೂದಲು ಸಣ್ಣದಿರಬೇಕು. ಆಗ ಫೆವಿಕಾಲ್ ಇಲ್ಲದೆಯೂ ಬಿಗಿ ಹಿಡಿಯುತ್ತದೆ. ಸಣ್ಣ ಡ್ರಿಲ್ ಬಿಟ್ ಇಲ್ಲದಿದ್ದರೆ, ತೆಳು ಮೊಳೆಯ ತಲೆ ಕತ್ತರಿಸಿ ಅದನ್ನೇ ಡ್ರಿಲ್ಲಿಗೆ ಸಿಕ್ಕಿಸಿ ತೂತು ಹೊಡೆಯಬಹುದು. ನಮ್ಮ ಕಸುಬಿನವರೆಲ್ಲ ಹೀಗೇ ಮಾಡುವುದು. ಹದಿನೈದು ಸೆಂಟಿಮೀಟರ್ ಚೌಕದ ಕೊಕ್ಕರೆಗೆ ತಂತಿಯ ಎತ್ತರ ಹತ್ತು ಸೆಂಟಿಮೀಟರ್ ಸಾಕು. ಮಣೆಯ ಅಗಲದ ಎರಡರಷ್ಟಕ್ಕಿಂತ ಎತ್ತರ ಹೋಗಬೇಡಿ, ಇದು ನಾನು ಮಾಡಿ ಮಾಡಿ ಕಂಡುಕೊಂಡ ಲೆಕ್ಕ. ಕೊಕ್ಕರೆಗೆ ತೂಕವೇ ಇಲ್ಲ. ಸಾಮಾನ್ಯ ಎ4 ಹಾಳೆಯಲ್ಲಿ ಕತ್ತರಿಸಿದ 21 ಸೆಂಟಿಮೀಟರ್ ಚೌಕವೇ ಮೂರು ಗ್ರಾಂ ಚಿಲ್ಲರೆ. ಹಾಗಾಗಿ ಬೀಳಿಸುವುದು ಅದರ ತೂಕ ಅಲ್ಲ, ಗಾಳಿ ಮತ್ತು ಮಕ್ಕಳ ಕೈ. ಕಾಲಡಿ ಭಾರವಾಗಿದ್ದಷ್ಟೂ ಒಳ್ಳೆಯದು.

ಮರದ ಬಗ್ಗೆ ನನ್ನ ಅಭಿಪ್ರಾಯ: ಹಲಸು. ಅದರ ಹಳದಿಯ ಮೇಲೆ ಕೆಂಪು ಕಾಗದ, ನೀಲಿ ಕಾಗದ ಎದ್ದು ಕಾಣುತ್ತವೆ. ಬಿಳಿ ಕೊಕ್ಕರೆಗೆ ಬೀಟೆಯ ಚೂರು ಸಿಕ್ಕರೆ ಅದರ ಮುಂದೆ ಬೇರೆ ಇಲ್ಲ. ಸಿಲ್ವರ್ ಓಕ್ ಹಗುರ, ಆದರೂ ನಡೆಯುತ್ತದೆ. ಹೊಳೆಯುವ ವಾರ್ನಿಷ್ ಹಚ್ಚಬೇಡಿ. ಕಣ್ಣು ಮಣೆಗೆ ಹೋಗುತ್ತದೆ, ಹಕ್ಕಿಗೆ ಹೋಗುವುದಿಲ್ಲ. ನುಣ್ಣಗೆ ಉಜ್ಜಿ ಸ್ವಲ್ಪ ಜೇನುಮೇಣ ತಿಕ್ಕಿದರೆ ಸಾಕು. ಚನ್ನಪಟ್ಟಣದ ಕಡೆಯವರಿಗೆ ಇನ್ನೂ ಸುಲಭ. ಅಲ್ಲಿ ಬೊಂಬೆ ಕಡೆಯುವ ಆಲೆ ಮರದ ದುಂಡು ತುಂಡುಗಳು ಉಳಿಯುತ್ತವೆ, ಬೆಳ್ಳಗೆ, ನುಣ್ಣಗೆ. ಅವನ್ನು ಹಾಗೇ ಮಣೆ ಮಾಡಬಹುದು.

ಮರ ಇಲ್ಲದವರು? ತೆಂಗಿನ ಕರಟ ಎಲ್ಲರ ಮನೆಯಲ್ಲೂ ಇದೆ. ಕಣ್ಣು ಇರುವ ಅರ್ಧವನ್ನು ತೆಗೆದುಕೊಳ್ಳಿ. ಮೂರು ಕಣ್ಣಿನಲ್ಲಿ ಒಂದು ಮೆತ್ತಗಿರುತ್ತದೆ, ಕಡ್ಡಿಯಲ್ಲಿ ಚುಚ್ಚಿದರೆ ತೂತಾಗುತ್ತದೆ. ತಂತಿಯನ್ನು ಅದರಲ್ಲಿ ಏರಿಸಿ, ಒಳಗೆ ಜೇಡಿಮಣ್ಣು ತುಂಬಿ ಒಣಗಿಸಿ. ಬೋರಲು ಇಟ್ಟರೆ ಮಣೆ ಸಿದ್ಧ. ನಮ್ಮ ಹುಡುಗಿ ಇದನ್ನು ತಾನೇ ಮಾಡಿದಳು. ನಾನು ಕೈ ಹಾಕಲಿಲ್ಲ.

ಎಲ್ಲ ಮಾದರಿಗೂ ತಂತಿ ಒಗ್ಗುವುದಿಲ್ಲ. ನಾಲ್ಕು ಕಾಲಿನ ಆನೆ, ಕುದುರೆ ಮೊದಲ ದಿನ ಚೆನ್ನಾಗಿ ನಿಂತಿರುತ್ತವೆ. ಥಂಡಿಗೆ ಕಾಗದ ಸಡಿಲವಾಗಿ ಕಾಲುಗಳು ಅಗಲವಾಗುತ್ತಾ ಹೋಗುತ್ತವೆ, ನಾಲ್ಕನೇ ದಿನ ಆನೆ ಮಲಗಿರುತ್ತದೆ. ಇದಕ್ಕೆ ಹಲಗೆ ಮೇಲೆ ಹ್ಯಾಕ್ಸಾ ಬ್ಲೇಡಿನಿಂದ ತೆಳುವಾಗಿ ಎರಡು ಗೀರು ಹಾಕಿದೆ. ಮುಂಗಾಲು ಒಂದು ಗೀರಿನಲ್ಲಿ, ಹಿಂಗಾಲು ಇನ್ನೊಂದರಲ್ಲಿ. ಆಚೆ ಈಚೆ ಹೋಗಲು ಜಾಗವೇ ಇಲ್ಲ. ಮಳೆಗಾಲ ಪೂರ್ತಿ ನಿಂತಿತು.

ಚಿಟ್ಟೆ, ನಕ್ಷತ್ರದಂಥ ಚಪ್ಪಟೆ ಮಾದರಿಗಳಿಗೆ ನನಗೆ ವ್ಯಾಸಪೀಠ ನೆನಪಾಯಿತು. ಪುರಾಣ ಓದುವಾಗ ಪುಸ್ತಕ ಇಡುತ್ತಾರಲ್ಲ, ಅದೇ. ನಮ್ಮ ಅಪ್ಪ ಒಂದೇ ಹಲಗೆಯನ್ನು ಸೀಳಿ, ನಡುವೆ ಒಂದಕ್ಕೊಂದು ಹೆಣೆದ ಹಾಗೆ ಕೆತ್ತಿ, ಮೊಳೆ ಇಲ್ಲದೆ, ಅಂಟಿಲ್ಲದೆ ಅದನ್ನು ಮಾಡುತ್ತಿದ್ದರು. ಬಿಡಿಸಿದರೆ ಪೀಠ, ಮಡಚಿದರೆ ಮತ್ತೆ ಹಲಗೆ. ಒರಿಗಾಮಿಯ ಒಂದೇ ಹಾಳೆಯ ನೇಮ ಕೇಳಿದಾಗ ನನಗೆ ಮೊದಲು ಕಣ್ಣೆದುರು ಬಂದದ್ದು ಅಪ್ಪನ ವ್ಯಾಸಪೀಠ. ಅಂಗೈ ಅಗಲದ್ದು ಎರಡು ಮಾಡಿದ್ದೇನೆ. ಒಂದಕ್ಕೆ ಎರಡು ದಿನ ಹಿಡಿಯಿತು. ಎಲ್ಲರೂ ಮಾಡಲಾಗುವ ಕೆಲಸ ಅಲ್ಲ, ಗೊತ್ತು. ಶಾಲೆಯಲ್ಲಿ ಮಾಡಲು ಹಳೇ ಲಗ್ನಪತ್ರಿಕೆ ಸಾಕು. 16 ಸೆಂಟಿಮೀಟರ್ ಉದ್ದದ ಪಟ್ಟಿ ಕತ್ತರಿಸಿ, ಐದು, ಐದು, ಐದು ಎಂದು ಮಡಚಿ, ಉಳಿದ ಒಂದನ್ನು ಒಳಗೆ ಅಂಟಿಸಿ. ಮುಕ್ಕೋನದ ಸಣ್ಣ ಮಾಡಿನ ಹಾಗೆ ಆಗುತ್ತದೆ. ಒಳಗೆ ನಾಲ್ಕು ಹುಣಸೆ ಬೀಜ ಅಂಟಿಸಿದರೆ ಭಾರ ಬರುತ್ತದೆ. ನೆತ್ತಿಯ ಮೇಲೆ ಒಂದು ಸೀಳು ಕೊಟ್ಟು ಚಿಟ್ಟೆಯನ್ನು ನಿಲ್ಲಿಸಿ.

ಜಪಾನಿನವರೇ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ ಎಂದು ಮೊಮ್ಮಗಳು ಗ್ರಂಥಾಲಯದಿಂದ ತಂದ ಪುಸ್ತಕದಲ್ಲಿ ತೋರಿಸಿದಳು. ಅವರ ದೇವಸ್ಥಾನಗಳಲ್ಲಿ ನೈವೇದ್ಯ ಇಡಲು ಬಣ್ಣ ಬಳಿಯದ ಮರದ ಪೀಠ ಇರುತ್ತದೆ. ಅದರ ಹೆಸರು ಸಾಂಬೊ. ಮೂರು ಬದಿಯಲ್ಲಿ ತೂತು ಇರುವುದರಿಂದ ಆ ಹೆಸರು. ಅದನ್ನೇ ಕಾಗದದಲ್ಲಿ ಮಡಚುವ ವಿಧಾನ ಹಿಂದಿನಿಂದ ಬಂದಿದೆ. ಒಂದೇ ಚೌಕ, ಮಡಚಿದರೆ ಕಾಲಿರುವ ಪುಟ್ಟ ತಟ್ಟೆ. ಹೂವಿನ ಚೆಂಡು, ಕಪ್ಪೆ, ಆಮೆ ಅದರ ಮೇಲೆ ಚೆಂದ ಕೂರುತ್ತವೆ. ಅಂದರೆ ಮಾದರಿಯ ಜೊತೆಗೆ ಮಣೆಯನ್ನೂ ಮಡಚುವುದು ಹೊಸದಲ್ಲ. ಮಕ್ಕಳ ಪುಟದಲ್ಲಿ ಮೊದಲು ಸಾಂಬೊ ಹಾಕಿ ಎಂದು ನನ್ನ ವಿನಂತಿ. ದುಡ್ಡು ಬೇಡ, ಮರ ಬೇಡ, ಬಡಗಿಯೂ ಬೇಡ.

ಅದೇ ಪುಸ್ತಕದಲ್ಲಿ ಅಕಿರಾ ಯೋಶಿಜಾವಾ ಎನ್ನುವವರ ವಿಷಯ ಇತ್ತು. 1911ರಿಂದ 2005ರವರೆಗೆ ಬದುಕಿದ್ದವರು. ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾ, ಹೊಸದಾಗಿ ಸೇರಿದವರಿಗೆ ಕಾಗದ ಮಡಚಿ ರೇಖಾಗಣಿತ ಕಲಿಸುತ್ತಿದ್ದರಂತೆ. ಚುಕ್ಕೆ ಗೆರೆ, ಬಾಣದ ಗುರುತು ಹಾಕಿ ಮಡಚುವ ಕ್ರಮ ಬರೆಯುವ ಪದ್ಧತಿಗೆ ಬುನಾದಿ ಹಾಕಿದವರು ಅವರೇ. ನಿಮ್ಮ ಮಕ್ಕಳ ಪುಟದ ಚಿತ್ರಗಳೂ ಅದೇ ದಾರಿಯವು. ದಪ್ಪ ಕಾಗದವನ್ನು ಸ್ವಲ್ಪ ಒದ್ದೆ ಮಾಡಿ ಮಡಚುವುದನ್ನೂ ಅವರು ತಂದರು. ಒಣಗಿದ ಮೇಲೆ ಕಾಗದ ಗಟ್ಟಿಯಾಗಿ ಕೊಟ್ಟ ಬಾಗನ್ನು ಹಿಡಿದುಕೊಳ್ಳುತ್ತದೆ. ಮರವನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿ ಒಣಗಿಸುವುದು ನಮಗೆ ಗೊತ್ತು. ಕಾಗದವೂ ಮರವೇ ತಾನೇ, ನನಗೆ ಕೂಡಲೇ ಅರ್ಥವಾಯಿತು. ಡ್ರಾಯಿಂಗ್ ಹಾಳೆಯಲ್ಲಿ ಹೀಗೆ ಮಾಡಿದ ಆನೆ ಗೀರು ಇಲ್ಲದೆಯೂ ನಿಂತಿದೆ. ಮಾಡಿದ್ದು ಮಾತ್ರ ಬೇಸಿಗೆಯಲ್ಲಿ. ಮಳೆಗಾಲದಲ್ಲಿ ನಮ್ಮಲ್ಲಿ ಅದು ಒಣಗುವುದೇ ಇಲ್ಲ.

ಇಟ್ಟ ಮೇಲೆ ಕಾಯುವುದಕ್ಕೆ ಎರಡೇ ಮಾತು. ಬಿಸಿಲು ಬೀಳುವ ಕಡೆ ಇಡಬೇಡಿ, ಬಣ್ಣ ಹೋಗುತ್ತದೆ. ಪಾರದರ್ಶಕ ಸ್ವೀಟ್ ಡಬ್ಬಿಯನ್ನು ಬೋರಲು ಹಾಕಿದರೆ ಧೂಳಿಲ್ಲ.

ಹಿರೋಶಿಮಾದಲ್ಲಿ 1958ರಲ್ಲಿ ಸಡಾಕೊ ನೆನಪಿಗೆ, ಅವಳ ಹಾಗೆ ಹೋದ ಎಲ್ಲ ಮಕ್ಕಳ ನೆನಪಿಗೆ ಒಂದು ಸ್ಮಾರಕ ನಿಲ್ಲಿಸಿದರು. ಅದರ ತುದಿಯಲ್ಲಿ ಹುಡುಗಿಯೊಬ್ಬಳು ಕೊಕ್ಕರೆಯನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದಾಳೆ. ಲೋಕದ ಎಲ್ಲ ಕಡೆಯಿಂದ ಮಕ್ಕಳು ಅಲ್ಲಿಗೆ ಕೊಕ್ಕರೆ ಕಳಿಸುತ್ತಾರೆ, ದಾರದಲ್ಲಿ ಪೋಣಿಸಿ. ಅವನ್ನು ಸ್ಮಾರಕದ ಸುತ್ತ ಗಾಜಿನ ಗೂಡುಗಳಲ್ಲಿ ತೂಗುಹಾಕುತ್ತಾರೆ, ಮಳೆ ತಾಗದ ಹಾಗೆ. ಸಡಾಕೊ ತಾನೇ ಮಡಚಿದ ಕೊಕ್ಕರೆಗಳು ಅಲ್ಲಿನ ಮ್ಯೂಸಿಯಂನಲ್ಲಿವೆ. ಔಷಧದ ಕಾಗದದ ತುಂಡುಗಳು, ಬೆರಳ ತುದಿಯಷ್ಟು ಸಣ್ಣವು. ಇಷ್ಟು ವರ್ಷವಾದರೂ ಇವೆ. ಇಟ್ಟುಕೊಂಡರು, ಅದಕ್ಕೆ ಇವೆ. ಎಲ್ಲ ಮಕ್ಕಳ ಕೊಕ್ಕರೆಗೂ ಮ್ಯೂಸಿಯಂ ಬೇಕೆಂದು ನಾನು ಹೇಳುವುದಿಲ್ಲ. ಪೋಣಿಸಿ ತೂಗುಹಾಕಿದರೂ ಆಯಿತು. ರಾಶಿ ಹಾಕುವುದು ಮಾತ್ರ ಬೇಡ.

ನನ್ನ ಕಸುಬಿನವರಿಗೂ ಒಂದು ಮಾತು. ನಮ್ಮ ಕೆಲಸದಲ್ಲಿ ಗೇಣುದ್ದದ ತುಂಡುಗಳು ದಿನಾ ಉಳಿಯುತ್ತವೆ. ಬಚ್ಚಲ ಒಲೆಗೆ ಹೋಗುತ್ತವೆ. ಒಲೆಗೆ ಹೋಗಲಿ, ಬೇಡ ಅನ್ನುವುದಿಲ್ಲ. ಅಂಗೈ ಅಗಲದ ಚೌಕ ಕಂಡರೆ ಮಾತ್ರ ಒಂದು ಚೀಲದಲ್ಲಿ ಎತ್ತಿಡಿ. ಅಂಚು ಉಜ್ಜಿ, ನಡುವೆ ಒಂದು ತೂತು ಹೊಡೆದು ಹತ್ತಿರದ ಶಾಲೆಗೆ ಕೊಡಿ. ಒಂದಕ್ಕೆ ಐದು ನಿಮಿಷ ಬೇಡ. ಮೇಷ್ಟ್ರುಗಳು, ಟೀಚರುಗಳು ಹೋಗಿ ಕೇಳಿದರೆ ಯಾವ ಬಡಗಿಯೂ ಇಲ್ಲ ಅನ್ನಲಾರ. ಕೇಳಿ ನೋಡಿ.

ಒಂದು ಮಣೆಯ ಮೇಲೆ ಒಂದು ಕೊಕ್ಕರೆ, ಅದರ ಮುಂದೆ ಒಂದು ಚೀಟಿ, ಚೀಟಿಯಲ್ಲಿ ಮಗುವಿನ ಹೆಸರು. ಹೀಗಿದ್ದರೆ ನೋಡಲು ಬಂದವರು ನಿಲ್ಲುತ್ತಾರೆ. ಹೆಸರು ಓದುತ್ತಾರೆ. ಸಂಜೆ ಮಗು ತನ್ನದನ್ನು ತಾನೇ ಎತ್ತಿಕೊಂಡು ಮನೆಗೆ ಹೋಗುತ್ತದೆ.

ಈ ವರ್ಷದ ಆಗಸ್ಟ್ 6ಕ್ಕೆ ಮೊಮ್ಮಗಳ ತರಗತಿಯ ಎಲ್ಲ ಮಕ್ಕಳಿಗೂ ಮಣೆ ಮಾಡುತ್ತಿದ್ದೇನೆ. 42 ಮಕ್ಕಳು. 31 ಮುಗಿದಿವೆ. ಹಲಸು ಖರ್ಚಾಯಿತು, ಉಳಿದ ಹನ್ನೊಂದಕ್ಕೆ ಹೊನ್ನೆ ತೆಗೆದಿಟ್ಟಿದ್ದೇನೆ. ತಂತಿ ಕತ್ತರಿಸುವ ಕೆಲಸ ಮೊಮ್ಮಗಳದ್ದು. ಭಾನುವಾರ ಕೂರೋಣ ಅಜ್ಜ ಅಂದಿದ್ದಾಳೆ.

ಇಂತಿ ನಿಮ್ಮ ಓದುಗ,
ಒಬ್ಬ ಬಡಗಿ, ಸಾಗರ, ಶಿವಮೊಗ್ಗ ಜಿಲ್ಲೆ